ಥಿನ್ನರ್ ಗಾಳಿ ಕುಡಿದ 16 ಹುಡುಗರು

ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಕಳೆದ ಸಂಚಿಕೆಯಲ್ಲಿ ಥಿನ್ನರ್ ಡಬ್ಬಿಯ ಮೇಲಿನ ಎಚ್ಚರಿಕೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ‘ಸ್ವಯಂಸೇವಕರ ಮೇಲೆ ನಡೆದ ಪ್ರಯೋಗದಲ್ಲಿ ಹೀಗೆ ಕಂಡುಬಂದಿದೆ’ ಅಂತ ಅದರಲ್ಲಿ ಒಂದು ಮಾತು ಬಂದಿತ್ತು. ಅದೊಂದು ಮಾತಿಗೇ ರಾಶಿ ಪತ್ರ ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆವಿ, ವಾಸನೆ, ಅದನ್ನು ಉಸಿರಾಡಿದವರ ಕಥೆ. ಹೆಸರು ಬೇಡ ಅಂದವರೇ ಜಾಸ್ತಿ ಇರುವುದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಾನು ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದೇನೆ. ನಮ್ಮ ಲ್ಯಾಬ್‌ನ ಟಾಲ್ಯುಯಿನ್ ಬಾಟಲಿ ಜೊತೆ ಬರುವ ಸುರಕ್ಷತಾ ಹಾಳೆಯಲ್ಲಿ ‘ಮನುಷ್ಯರಲ್ಲಿ 100 ಪಿಪಿಎಂಗೆ ತಲೆನೋವು, ತಲೆಸುತ್ತು’ ಅಂತ ಇದೆ. ನಿಜವಾಗಲೂ ಮನುಷ್ಯರನ್ನು ಕೂರಿಸಿ ಮೂಸಿಸಿದ್ದಾರಾ ಡಾಕ್ಟರ್? ಯಾರು ಅವರು? (ಶಿವಮೊಗ್ಗ)

ಉತ್ತರ: ಹೌದಮ್ಮ, ಕೂರಿಸಿದ್ದಾರೆ. ಟಾಲ್ಯುಯಿನ್ ಅಂದರೆ ಥಿನ್ನರ್‌ನಲ್ಲಿರುವ, ಬಣ್ಣ ಕರಗಿಸುವ ದ್ರಾವಕ. ಆ 100ರ ಹಿಂದೆ ಇರುವ ಮುಖ್ಯ ಪ್ರಯೋಗ 1983ರಲ್ಲಿ ಡೆನ್ಮಾರ್ಕ್‌ನವರು ಪ್ರಕಟಿಸಿದ್ದು. ಆಂಡರ್ಸನ್ ಮತ್ತು ಸಂಗಡಿಗರು 16 ಜನ ಗಟ್ಟಿಮುಟ್ಟಾದ ಹುಡುಗರನ್ನು ಆರಿಸಿಕೊಂಡರು. ಗಾಳಿಯನ್ನು ಬೇಕಾದ ಹಾಗೆ ಹದ ಮಾಡಬಹುದಾದ ಒಂದು ಮುಚ್ಚಿದ ಕೋಣೆ. ಒಂದು ದಿನ ಬರೀ ಶುದ್ಧ ಗಾಳಿ, ಒಂದು ದಿನ 10 ಪಿಪಿಎಂ ಟಾಲ್ಯುಯಿನ್, ಇನ್ನೊಂದು ದಿನ 40, ಮತ್ತೊಂದು ದಿನ 100. ದಿನಕ್ಕೆ 6 ಗಂಟೆ. ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಆವಿ ಇದೆ ಅನ್ನುವ ಲೆಕ್ಕ. ಹುಡುಗರು ಒಳಗೆ ಕೂತು ಕೊಟ್ಟ ಪರೀಕ್ಷೆಗಳನ್ನು ಮಾಡಬೇಕು, ಕಣ್ಣು ಉರಿಯುತ್ತಿದೆಯಾ, ತಲೆ ಭಾರ ಇದೆಯಾ ಅಂತ ಕೇಳಿದ್ದಕ್ಕೆ ಉತ್ತರ ಕೊಡಬೇಕು. 10ಕ್ಕೂ 40ಕ್ಕೂ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. 100ಕ್ಕೆ ಕಣ್ಣು, ಮೂಗು ಉರಿಯತೊಡಗಿತು, ತಲೆನೋವು, ತಲೆಸುತ್ತು, ಸ್ವಲ್ಪ ಕುಡಿದವರಿಗೆ ಆಗುವ ಅಮಲು. ನಿಮ್ಮ ಹಾಳೆಯಲ್ಲಿರುವ ಸಾಲು ಇದೇ.

ಈಗ ಆ ಹಾಳೆಯಲ್ಲಿರುವ ‘ಮನುಷ್ಯರಲ್ಲಿ’ ಅನ್ನುವುದನ್ನು ಇನ್ನೊಮ್ಮೆ ನೋಡಿ. ಎಲ್ಲ ಗಂಡಸರು, ಎಲ್ಲ ಎಳೆಯರು, ಯಾರಿಗೂ ಕಾಯಿಲೆ ಇಲ್ಲ, 6 ಗಂಟೆ ಆದ ಮೇಲೆ ಎದ್ದು ಮನೆಗೆ ಹೋದವರು. ಇಪ್ಪತ್ತು ವರ್ಷ ಒಂದೇ ಶೆಡ್‌ನಲ್ಲಿ ಉಸಿರಾಡಿದ ಹೆಂಗಸು ಆ ಕೋಣೆಯಲ್ಲಿ ಇರಲಿಲ್ಲ. ಇದು ಪ್ರಯೋಗ ಮಾಡಿದವರ ತಪ್ಪು ಅಂತ ನಾನು ಹೇಳುವುದಿಲ್ಲ, ಅವರು ಕೇಳಿಕೊಂಡ ಪ್ರಶ್ನೆಯೇ ಅಷ್ಟು, ಈ ಹೊತ್ತಿನ ತಲೆನೋವು ಎಷ್ಟಕ್ಕೆ ಶುರುವಾಗುತ್ತದೆ ಅಂತ. ಓದುವ ನಾವು ಅದಕ್ಕಿಂತ ಜಾಸ್ತಿ ಅರ್ಥ ಹಚ್ಚಿಕೊಳ್ಳುತ್ತೇವೆ.

ಅದಕ್ಕೂ ಹಿಂದಿನವು ಇನ್ನೂ ಒರಟು. 1942ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸೇವೆಯ ಫಾನ್ ಎಟಿಂಗನ್ ಮತ್ತು ಸಂಗಡಿಗರು ಬೆರಳೆಣಿಕೆಯ ಜನರಿಗೆ 50ರಿಂದ 800 ಪಿಪಿಎಂವರೆಗೆ ಟಾಲ್ಯುಯಿನ್ ಆವಿ ಕುಡಿಸಿದರು. 200ಕ್ಕೆ ಸುಸ್ತು, ಮಂಕು. 800ಕ್ಕೆ ತೂರಾಟ, ಆಮೇಲೆ ಕೆಲವು ದಿನ ನಿದ್ದೆಯೇ ಇಲ್ಲ. 1943ರಲ್ಲಿ ನೆಲ್ಸನ್ ಅನ್ನುವವರ ತಂಡ ಅಸಿಟೋನ್ ಮೊದಲಾದ ಹತ್ತಾರು ದ್ರಾವಕಗಳನ್ನು ಸುಮಾರು 10 ಜನರಿಗೆ ಬರೀ 3ರಿಂದ 5 ನಿಮಿಷ ಮೂಸಿಸಿ, ದಿನವಿಡೀ ಈ ಗಾಳಿಯಲ್ಲಿ ಕೆಲಸ ಮಾಡಬಹುದು ಅನ್ನಿಸುತ್ತದಾ ಅಂತ ಅವರನ್ನೇ ಕೇಳಿತು. ಐದು ನಿಮಿಷ ಮೂಸಿ ಎಂಟು ಗಂಟೆಯ ಭವಿಷ್ಯ ಹೇಳುವುದು! ಆ ಉತ್ತರಗಳು ಎಷ್ಟೋ ದಶಕ ಕಾರ್ಖಾನೆ ಮಿತಿಗಳಿಗೆ ಆಧಾರವಾಗಿ ಉಳಿದವು.

ಅದಕ್ಕೂ ಮೊದಲು ವಿಜ್ಞಾನಿಗಳು ತಮ್ಮ ಮೇಲೆ ತಾವೇ ಪ್ರಯೋಗ ಮಾಡಿಕೊಳ್ಳುತ್ತಿದ್ದರು. ಹಂಫ್ರಿ ಡೇವಿ ಬ್ರಿಸ್ಟಲ್‌ನಲ್ಲಿ ನಗೆ ಅನಿಲ ಉಸಿರಾಡಿದ್ದು ಎಲ್ಲರಿಗೂ ಗೊತ್ತು. ಕಾರ್ಬನ್ ಮಾನಾಕ್ಸೈಡ್ ಬೆರೆತ ಗ್ಯಾಸನ್ನೂ ಎಳೆದು ಸಾಯುವ ಹಂತಕ್ಕೆ ಹೋಗಿದ್ದ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಜೆ.ಎಸ್. ಹಾಲ್ಡೇನ್ 1895ರ ಹೊತ್ತಿಗೆ ಅದೇ ಮಾನಾಕ್ಸೈಡನ್ನು ತಾನೇ ಉಸಿರಾಡಿ, ರಕ್ತದ ಅರ್ಧಕ್ಕಿಂತ ಜಾಸ್ತಿ ಹಿಮೋಗ್ಲೋಬಿನ್ ಅದರಿಂದ ತುಂಬಿ ಸರಿಯಾಗಿ ನಿಲ್ಲಲೂ ಆಗದ ತನಕ ಹೋದ. ಗಣಿ ಕೆಲಸಗಾರರ ಪಾಲಿಗೆ ಆ ಹುಚ್ಚು ಧೈರ್ಯ ವರವಾಯಿತು. ಗಣಿಗೆ ಸಣ್ಣ ಹಕ್ಕಿ ಒಯ್ದು ವಿಷಗಾಳಿ ಪತ್ತೆ ಮಾಡುವ ಸಲಹೆ ಕೊಟ್ಟವನೂ ಅವನೇ.

ಸ್ವಯಂಸೇವಕ ಅನ್ನಲು ನನಗೆ ಮನಸ್ಸಾಗದ ಜನರೂ ಇದ್ದಾರೆ. 1930ರ ದಶಕದಲ್ಲಿ ಶುರುವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ, ಬ್ರಿಟನ್ನಿನ ಪೋರ್ಟನ್ ಡೌನ್ ಅನ್ನುವ ಸೇನಾ ಪ್ರಯೋಗಾಲಯದ ವಿಜ್ಞಾನಿಗಳು ರಾವಲ್ಪಿಂಡಿಯಲ್ಲಿ ನಮ್ಮ ನೂರಾರು ಸಿಪಾಯಿಗಳ ಮೇಲೆ ಮಸ್ಟರ್ಡ್ ಗ್ಯಾಸ್ ಪ್ರಯೋಗ ಮಾಡಿದರು. ಕೆಲವರನ್ನು ಚಡ್ಡಿ ಮತ್ತು ಹತ್ತಿ ಅಂಗಿಯಲ್ಲೇ ಕೋಣೆಯೊಳಗೆ ಕಳಿಸಿದ್ದರು. ಇದು ಕಾರ್ಖಾನೆ ಆವಿ ಅಲ್ಲ, ಯುದ್ಧದ ವಿಷ, ನಿಜ. ಆದರೆ ಮೇಲಧಿಕಾರಿ ಬಾ ಅಂದಾಗ ಒಲ್ಲೆ ಅನ್ನಲಾಗದವನನ್ನು ಸ್ವಯಂಸೇವಕ ಅನ್ನಬಹುದಾ? ಒಪ್ಪಿಗೆ ಅಂದರೆ ಏನು ಅನ್ನುವುದನ್ನು ಜಗತ್ತು ಕಾಗದದ ಮೇಲೆ ಸರಿಯಾಗಿ ಬರೆದುಕೊಂಡದ್ದು 1947ರ ನ್ಯೂರೆಂಬರ್ಗ್ ಸಂಹಿತೆಯಲ್ಲಿ, ಆಮೇಲೆ 1964ರ ಹೆಲ್ಸಿಂಕಿ ಘೋಷಣೆಯಲ್ಲಿ.

ಪ್ರಶ್ನೆ: ಡಾಕ್ಟ್ರೇ, ನಾನು ಫರ್ನಿಚರ್ ಪಾಲಿಶ್ ಕೆಲಸ ಮಾಡ್ತೀನಿ. ಬೆಳಿಗ್ಗೆ ಥಿನ್ನರ್ ಡಬ್ಬಿ ತೆಗೆದಾಗ ಮೂಗಿಗೆ ಹೊಡೆಯುತ್ತೆ, ಸ್ವಲ್ಪ ಹೊತ್ತಿಗೆ ವಾಸನೆನೇ ಗೊತ್ತಾಗಲ್ಲ. ಮೈ ಒಗ್ಗಿಕೊಂಡಿದೆ ಬಿಡೋ ಅಂತಾರೆ ಮೇಸ್ತ್ರಿ. ಸಾಯಂಕಾಲ ಮಾತ್ರ ತಲೆ ಗಿಮ್ ಅನ್ನುತ್ತೆ, ಭಾನುವಾರ ಆರಾಮಾಗಿರ್ತೀನಿ. ಓನರ್ ಕೇಳಿದ್ರೆ ಎಲ್ಲಾ ಲಿಮಿಟ್ ಒಳಗೇ ಇದೆ, ನಿನಗೆ ಸುಮ್ನೆ ಹಾಗನ್ನಿಸುತ್ತೆ ಅಂತಾರೆ. (ಪೀಣ್ಯ, ಬೆಂಗಳೂರು)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಮಾತು ಇವೆ, ಮೂರಕ್ಕೂ ಸ್ವಯಂಸೇವಕರ ಪ್ರಯೋಗಗಳಲ್ಲೇ ಉತ್ತರ ಇದೆ.

ಮೊದಲು ಮೇಸ್ತ್ರಿ ಮಾತು. ಒಗ್ಗಿಕೊಂಡಿರುವುದು ನಿಮ್ಮ ಮೂಗು ಮಾತ್ರ. ಒಂದೇ ವಾಸನೆ ಬರುತ್ತಲೇ ಇದ್ದರೆ ಮೂಗು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದನ್ನು ಬಿಡುತ್ತದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಾಸನೆಯ ಮೇಲೇ ಕೆಲಸ ಮಾಡುವ ಮೊನೆಲ್ ಅನ್ನುವ ಕೇಂದ್ರ ಇದೆ. ಅಲ್ಲಿನವರು ದಿನವೂ ಅಸಿಟೋನ್ ನಡುವೆ ಕೆಲಸ ಮಾಡುವವರನ್ನು ಪರೀಕ್ಷಿಸಿದಾಗ, ಹೊರಗಿನವರಿಗೆ ಘಾಟು ಅನ್ನಿಸುವ ಪ್ರಮಾಣ ಇವರಿಗೆ ಅಷ್ಟಾಗಿ ಗೊತ್ತೇ ಆಗುತ್ತಿರಲಿಲ್ಲ. ಶ್ವಾಸಕೋಶ ಹಾಗಲ್ಲ. ವಾಸನೆ ಗೊತ್ತಾದರೂ ಆಗದಿದ್ದರೂ ಆವಿ ರಕ್ತಕ್ಕೆ ಹೋಗುತ್ತಲೇ ಇರುತ್ತದೆ. ನಿಮ್ಮ ಸಾಯಂಕಾಲದ ತಲೆ ಅದನ್ನೇ ಹೇಳುತ್ತಿದೆ. ವಾರದ ದಿನ ಇದ್ದು ಭಾನುವಾರ ಇಲ್ಲದ ತಲೆನೋವನ್ನು ಕೇಳಿದರೆ ಯಾವ ಡಾಕ್ಟರೂ ಮೊದಲು ಕೆಲಸದ ಜಾಗವನ್ನೇ ಅನುಮಾನಿಸಬೇಕು.

ಇನ್ನು ‘ಸುಮ್ನೆ ಹಾಗನ್ನಿಸುತ್ತೆ’. ಇದರಲ್ಲಿ ಅರ್ಧ ನಿಜ ಇದೆ, ಓನರ್ ಅಂದುಕೊಂಡ ಅರ್ಧ ಅಲ್ಲ. ಅದೇ ಕೇಂದ್ರದಲ್ಲಿ 1997ರಲ್ಲಿ ಪಮೇಲಾ ಡಾಲ್ಟನ್ ಮತ್ತು ಸಂಗಡಿಗರು ಒಂದು ಚಂದದ ಪ್ರಯೋಗ ಮಾಡಿದರು. 90 ಜನ. ಎಲ್ಲರಿಗೂ ಕೊಟ್ಟದ್ದು 800 ಪಿಪಿಎಂ ಅಸಿಟೋನ್, 20 ನಿಮಿಷ. ಕೆಲವರಿಗೆ ಇದು ಒಳ್ಳೆಯ ನೈಸರ್ಗಿಕ ಸಾರ ಅಂದರು, ಕೆಲವರಿಗೆ ಇದು ತೊಂದರೆ ಕೊಡುವ ಕಾರ್ಖಾನೆ ರಾಸಾಯನಿಕ ಅಂದರು, ಉಳಿದವರಿಗೆ ಒಳ್ಳೆಯದು ಕೆಟ್ಟದ್ದು ಏನೂ ಹೇಳಲಿಲ್ಲ. ಕೆಟ್ಟದ್ದು ಅಂತ ಕೇಳಿಸಿಕೊಂಡವರಿಗೆ ತಲೆನೋವು, ಗಂಟಲು ಕೆರೆತ ಜಾಸ್ತಿ. ಆಮೇಲೆ ಗುಲಾಬಿಯ ವಾಸನೆ ಬರುವ, ಉರಿಸುವ ಗುಣ ಇಲ್ಲದ ಇನ್ನೊಂದು ಪದಾರ್ಥ ಕೊಟ್ಟಾಗಲೂ ಅವರು ತೊಂದರೆ ಹೇಳಿಕೊಂಡರು. ಓನರುಗಳಿಗೆ ಇಷ್ಟು ಸಿಕ್ಕರೆ ಸಾಕು, ನೋಡಿ ಎಲ್ಲಾ ಮನಸ್ಸಿನದ್ದು ಅಂತಾರೆ. ಆದರೆ ಇದನ್ನೇ ತಿರುಗಿಸಿ ಓದಿ. ಒಳ್ಳೆಯದು ಅಂತ ಕೇಳಿಸಿಕೊಂಡವರು ಅಷ್ಟೇ ಅಸಿಟೋನ್ ಕುಡಿದೂ ಕಡಿಮೆ ತೊಂದರೆ ಹೇಳಿದರು. ದಿನಾ ಬೆಳಿಗ್ಗೆ ಏನೂ ಆಗಲ್ಲ ಬಿಡೋ ಅಂತ ಕೇಳಿಸಿಕೊಳ್ಳುವ ನಿಮಗೂ ಹಾಗೇ ಆಗುತ್ತಿರಬಹುದು, ಇರುವುದಕ್ಕಿಂತ ಕಡಿಮೆ ಗೊತ್ತಾಗುತ್ತಿರಬಹುದು. ಹಾಗಾಗಿ ಮೂಗನ್ನೂ ನಂಬಬೇಡಿ, ಮಾತನ್ನೂ ನಂಬಬೇಡಿ, ಗಾಳಿ ಅಳೆಯಿರಿ ಅನ್ನಿ.

ಮೂರನೆಯದು ಲಿಮಿಟ್. ಯಾವ ಲಿಮಿಟ್ ಅಂತ ಕೇಳಿ. ಟಾಲ್ಯುಯಿನ್‌ಗೆ ಅಮೆರಿಕದ ಸರ್ಕಾರಿ ಮಿತಿ 200 ಪಿಪಿಎಂ. ನಮ್ಮ ಕಾರ್ಖಾನೆ ಕಾಯಿದೆಯ ಪಟ್ಟಿ ಹಾಕಿದ ಮಿತಿ 100. ಅಮೆರಿಕದ್ದೇ ಕೈಗಾರಿಕಾ ಆರೋಗ್ಯ ತಜ್ಞರ ಸಂಘ ಹೇಳುವುದು ಬರೀ 20. ಆವಿ ಒಂದೇ, ಮನುಷ್ಯನೂ ಒಬ್ಬನೇ, ಸಂಖ್ಯೆ ಮಾತ್ರ ಹತ್ತು ಪಟ್ಟು ಆಚೀಚೆ. ನಮ್ಮ 100 ಅಂದರೆ ಡೆನ್ಮಾರ್ಕ್ ಹುಡುಗರಿಗೆ ತಲೆನೋವು ಬಂದ 100, ಮರೆಯಬೇಡಿ. ಅವರು ಕೂತಿದ್ದರು, ನೀವು ಬಾಗಿಲು ಎತ್ತಿ ಇಳಿಸುತ್ತೀರಿ, ಕೈ ಬೀಸಿ ಉಜ್ಜುತ್ತೀರಿ. ಸ್ವೀಡನ್ನಿನ ಇರ್ಮಾ ಆಸ್ಟ್ರಾಂಡ್ 1970ರ ದಶಕದಲ್ಲಿ ಸ್ವಯಂಸೇವಕರನ್ನು ವ್ಯಾಯಾಮದ ಸೈಕಲ್ ಮೇಲೆ ಕೂರಿಸಿ, ತುಳಿಯುತ್ತಾ ಟಾಲ್ಯುಯಿನ್‌ನಂಥ ಆವಿಗಳನ್ನು ಉಸಿರಾಡಿಸಿ, ರಕ್ತ ಪರೀಕ್ಷೆ ಮಾಡಿದರು. ಗಾಳಿಯಲ್ಲಿ ಅಷ್ಟೇ ಆವಿ ಇದ್ದರೂ ಹಗುರ ಕೆಲಸಕ್ಕೇ ಮೈಯೊಳಗೆ ಹೋಗುವುದು ಎಷ್ಟೋ ಜಾಸ್ತಿಯಾಗುತ್ತಿತ್ತು. ಉಸಿರು ಜಾಸ್ತಿ, ರಕ್ತದ ಓಟ ಜಾಸ್ತಿ, ಅಷ್ಟೇ ಲೆಕ್ಕ.

ಇವತ್ತೇ ಮಾಡಬಹುದಾದದ್ದು: ಡಬ್ಬಿ ಬಾಯಿ ತೆರೆದಿಡಬೇಡಿ. ಥಿನ್ನರ್ ಅದ್ದಿದ ಬನಿಯನ್ ವೇಸ್ಟನ್ನು ಮೂಲೆಯಲ್ಲಿ ಗುಡ್ಡೆ ಹಾಕದೆ ಮುಚ್ಚಳ ಇರುವ ತಗಡಿನ ಡಬ್ಬಕ್ಕೆ ಹಾಕಿ. ನಾನು ನೋಡಿದ ಶೆಡ್‌ಗಳಲ್ಲಿ ಎಕ್ಸಾಸ್ಟ್ ಫ್ಯಾನ್ ಯಾವಾಗಲೂ ಸೂರಿನ ಹತ್ತಿರ ಇರುತ್ತದೆ. ಕೆಳಗೆ ಪಾಲಿಶ್ ಮಾಡುವವನ ಮುಖ ದಾಟಿದ ಮೇಲೇ ಆವಿ ಅಲ್ಲಿಗೆ ಹೋಗಬೇಕು. ಕೆಲಸ ಮಾಡುವ ಹಲಗೆಯ ಮಟ್ಟದಲ್ಲಿ, ನಿಮ್ಮ ಮುಖದಿಂದ ಆಚೆಗೆ ಎಳೆಯುವ ಹಾಗೆ ಫ್ಯಾನ್ ಇರಬೇಕು. ಕರೋನಾ ಕಾಲದ ಎನ್95 ಮಾಸ್ಕ್ ಧೂಳಿಗೆ, ಆವಿಗೆ ಅಲ್ಲ. ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಕಾರ್ಟ್ರಿಜ್ ಕಾಲಕಾಲಕ್ಕೆ ಬದಲಾಯಿಸಲೂ ಬೇಕು.

ಮೂತ್ರ ಪರೀಕ್ಷೆ ಮಾಡಿಸುವುದಾದರೆ ಒಂದು ಕಿವಿಮಾತು. ಟಾಲ್ಯುಯಿನ್ ಮೈಯಲ್ಲಿ ಹಿಪ್ಯೂರಿಕ್ ಆಮ್ಲವಾಗಿ ಹೊರಗೆ ಹೋಗುತ್ತದೆ, ಹಳೆಯ ಪರೀಕ್ಷೆ ಅದನ್ನೇ ನೋಡುವುದು. ಆದರೆ ಸಾಫ್ಟ್ ಡ್ರಿಂಕ್, ಉಪ್ಪಿನಕಾಯಿಗೆ ಹಾಕುವ ಸೋಡಿಯಂ ಬೆಂಜೊಯೇಟ್ ಕೂಡ ಅದೇ ಆಮ್ಲವಾಗುತ್ತದೆ. ಬಾಟಲಿ ಜ್ಯೂಸ್ ಕುಡಿದು ಪರೀಕ್ಷೆಗೆ ಹೋದರೆ ಲೆಕ್ಕ ತಪ್ಪುತ್ತದೆ. ಟಾಲ್ಯುಯಿನ್‌ನಿಂದ ಮೈಯಲ್ಲಿ ಆಗುವ ಇನ್ನೊಂದು ಪದಾರ್ಥ ಆರ್ಥೊ ಕ್ರೆಸಾಲ್, ಅದನ್ನು ನೋಡುವ ಪರೀಕ್ಷೆ ಇದಕ್ಕಿಂತ ವಾಸಿ.

ಪ್ರಶ್ನೆ: ನಮ್ಮ ಮನೆಯವರು ಯಂತ್ರದ ಬಿಡಿಭಾಗಗಳ ಗ್ರೀಸ್ ತೊಳೆಯುವ ಕೆಲಸ ಮಾಡುತ್ತಾರೆ. ಮೊದಲೆಲ್ಲ ಕುಡಿದರೂ ಮುಖದಲ್ಲಿ ಗೊತ್ತಾಗುತ್ತಿರಲಿಲ್ಲ. ಈಗ ಒಂದು ಪೆಗ್‌ಗೇ ಮುಖ, ಕುತ್ತಿಗೆ ಮೇಲೆ ಕೆಂಪು ಮಚ್ಚೆ ಏಳುತ್ತವೆ, ಒಂದು ತಾಸಿನಲ್ಲಿ ಹೋಗುತ್ತವೆ. ಲಿವರ್ ಹೋಯಿತಾ ಅಂತ ಹೆದರಿಕೆ ಆಗಿದೆ. (ಹುಬ್ಬಳ್ಳಿ)

ಉತ್ತರ: ತೊಳೆಯುವ ದ್ರಾವಣದ ಹೆಸರೇನು ಅಂತ ಮೊದಲು ಕೇಳಿಕೊಳ್ಳಿ ಅಕ್ಕಾ. ಟ್ರೈಕ್ಲೋರೋಎಥಿಲೀನ್, ಕೆಲಸದವರ ಬಾಯಲ್ಲಿ ಬರೀ ಟ್ರೈಕ್ಲೋರೋ, ಆಗಿದ್ದರೆ ನೀವು ಹೇಳಿದ ಚಿತ್ರ ಪುಸ್ತಕದಲ್ಲಿರುವ ಹಾಗೇ ಇದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ರಿಚರ್ಡ್ ಸ್ಟೀವರ್ಟ್ ಅನ್ನುವ ಡಾಕ್ಟರ್ ಇದ್ದರು. ಕೋಣೆಯಲ್ಲಿ ಕೂರಿಸಿ ಆವಿ ಕುಡಿಸುವ ಪ್ರಯೋಗಗಳಲ್ಲಿ ಅವರಷ್ಟು ಕೆಲಸ ಮಾಡಿದವರು ಕಡಿಮೆ. 1974ರಲ್ಲಿ ಅವರ ತಂಡ ಸ್ವಯಂಸೇವಕರಿಗೆ ಟ್ರೈಕ್ಲೋರೋ ಆವಿಯನ್ನು ದಿನಗಟ್ಟಲೆ ಕೊಟ್ಟು, ಆಮೇಲೆ ಸ್ವಲ್ಪ ಮದ್ಯ ಕೊಟ್ಟು ನೋಡಿತು. ಮುಖ, ಕುತ್ತಿಗೆ, ಹೆಗಲ ಮೇಲೆ ಕೆಂಪು ಮಚ್ಚೆಗಳು ಎದ್ದವು, ಅರ್ಧ ಗಂಟೆಗೆ ಜೋರಾಗಿ, ಒಂದು ಗಂಟೆಗೆ ಇಳಿದವು.

ಮಚ್ಚೆಯಿಂದಲೇ ಅಪಾಯ ಇಲ್ಲ, ಲಿವರ್ ಹೋಯಿತು ಅಂತಲೂ ಅರ್ಥ ಅಲ್ಲ. ಆದರೆ ಈ ಆವಿ ಮನೆಯವರ ಮೈಗೆ ಚೆನ್ನಾಗಿಯೇ ಹೋಗುತ್ತಿದೆ ಅನ್ನುವುದಕ್ಕೆ ಅದು ಗುರುತು. ಟ್ರೈಕ್ಲೋರೋ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ತೀರ್ಮಾನಿಸಿದೆ, ಅದೂ ಮುಖ್ಯವಾಗಿ ಮೂತ್ರಪಿಂಡದ್ದು. ಕುಡಿಯುವುದನ್ನು ಬಿಡಿಸಿದರೆ ಮಚ್ಚೆ ಹೋಗುತ್ತದೆ, ಆವಿ ಹೋಗುವುದಿಲ್ಲ. ಕುಡಿತ ಬಿಡಿಸಬೇಡಿ ಅಂತಲ್ಲ, ಬಿಡಿಸಿ. ಮದ್ಯವನ್ನೂ ಇಂಥ ದ್ರಾವಕಗಳನ್ನೂ ಕರಗಿಸುವ ಕೆಲಸ ಒಂದೇ ಲಿವರ್ ಮಾಡಬೇಕು. ಥಿನ್ನರ್‌ನ ಟಾಲ್ಯುಯಿನ್ ಜೊತೆ ಮದ್ಯ ಸೇರಿದರೆ ಅದು ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ ಅನ್ನುವುದೂ ಸ್ವಯಂಸೇವಕರಲ್ಲಿ ಕಂಡದ್ದೇ. ಇಎಸ್‌ಐ ಕಾರ್ಡ್ ಇದ್ದರೆ ಅಲ್ಲಿಗೆ ಕರೆದುಕೊಂಡು ಹೋಗಿ, ಏನು ಕೆಲಸ ಅನ್ನುವುದನ್ನು ಚೀಟಿಯಲ್ಲಿ ಬರೆಸಿ. ಡಬ್ಬಿಯ ಲೇಬಲ್ ಫೋಟೊ ಮೊಬೈಲ್‌ನಲ್ಲಿ ಇರಲಿ.

ಪ್ರಶ್ನೆ: ನಮ್ಮ ಫ್ಯಾಕ್ಟರಿಯಲ್ಲಿ ಪೇಂಟ್ ಸೆಕ್ಷನ್‌ನವರಿಗೆ ದಿನಾ ಬೆಲ್ಲ, ಬಾಳೆಹಣ್ಣು ಕೊಡ್ತಾರೆ. ಕೆಮಿಕಲ್ ಇಳಿಯುತ್ತೆ ಅಂತ. ಹೌದಾ? (ತುಮಕೂರು)

ಉತ್ತರ: ಬಾಳೆಹಣ್ಣು ತಿನ್ನಿ, ಒಳ್ಳೆಯದು. ಆವಿ ಅದರಿಂದ ಇಳಿಯುವುದಿಲ್ಲ. ಬೆಲ್ಲದ ಮಾತಿಗೆ ಚೂರು ಆಧಾರ ಇದೆ, ಆದರೆ ಬೇರೆ ಕಡೆಯದು. 1994ರಲ್ಲಿ ನಮ್ಮ ದೇಶದ್ದೇ ವಿಜ್ಞಾನಿಗಳು ಇಲಿಗಳಿಗೆ ಬೆಲ್ಲ ಕೊಟ್ಟು, ಶ್ವಾಸಕೋಶದಲ್ಲಿ ಕೂತ ಧೂಳಿನ ಕಣಗಳು ಬೇಗ ಆಚೆ ಸರಿಯುತ್ತವೆ ಅಂತ ತೋರಿಸಿದ್ದರು. ಅದು ಧೂಳು, ಅದು ಇಲಿ. ಪೇಂಟಿನ ಆವಿ ಶ್ವಾಸಕೋಶದಲ್ಲಿ ಕೂತಿರುವುದೇ ಇಲ್ಲ, ರಕ್ತಕ್ಕೆ ಹೋಗುತ್ತದೆ, ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ, ಸ್ವಲ್ಪ ಉಸಿರಿನಲ್ಲಿ, ಉಳಿದದ್ದು ಮೂತ್ರದಲ್ಲಿ ಹೊರಗೆ ಬರುತ್ತದೆ. ಬೆಲ್ಲದ ಖರ್ಚಿನಲ್ಲಿ ಎಕ್ಸಾಸ್ಟ್ ಫ್ಯಾನಿನ ಬೆಲ್ಟ್ ಬದಲಾಯಿಸಿ ಅಂತ ಕೇಳಿ ನೋಡಿ.

ಪ್ರಶ್ನೆ: ನೀರು ಶುದ್ಧ ಮಾಡುವ ಘಟಕದಲ್ಲಿ ಕೆಲಸ. ಕ್ಲೋರಿನ್ ಸ್ವಲ್ಪ ಸೋರಿದರೂ ನನಗೆ ಎದೆ ಬಿಗಿದು ಸುಯ್ ಅನ್ನುತ್ತೆ, ಜೊತೆಯವನಿಗೆ ಏನೂ ಆಗಲ್ಲ. ನಾಟಕ ಅಂತ ನಗ್ತಾರೆ. ಚಿಕ್ಕಂದಿನಲ್ಲಿ ಅಲರ್ಜಿ ನೆಗಡಿ ಇತ್ತು. (ಹಾಸನ)

ಉತ್ತರ: ನಗುವವರಿಗೆ ಇದನ್ನು ಓದಿ ಹೇಳಿ. 1983ರಲ್ಲಿ ರಾಟ್‌ಮನ್ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕರಿಗೆ ಅರ್ಧ ಮತ್ತು 1 ಪಿಪಿಎಂ ಕ್ಲೋರಿನ್ ಅನ್ನು ಒಂದು ಪಾಳಿಯಷ್ಟು ಹೊತ್ತು, 8 ಗಂಟೆ, ಕೊಟ್ಟರು. 1ಕ್ಕೆ ಉಸಿರಿನ ಪರೀಕ್ಷೆಯಲ್ಲಿ ಸಣ್ಣ ಬದಲಾವಣೆ ಕಂಡು ಮಾರನೆಯ ದಿನಕ್ಕೆ ಸರಿಹೋಯಿತು. ಆದರೆ ಒಬ್ಬ ಇದ್ದ, ಅಲರ್ಜಿ ನೆಗಡಿಯವನು, ನಿಮ್ಮ ಹಾಗೆ. ಅವನಿಗೆ 1 ಪಿಪಿಎಂನಲ್ಲಿ 8 ಗಂಟೆ ಪೂರೈಸಲು ಆಗಲೇ ಇಲ್ಲ. ಉಸಿರು ಕಟ್ಟಿ, ಎದೆ ಸುಯ್‌ಗುಟ್ಟಿ ಹೊರಗೆ ಬಂದ. ನಮ್ಮ ಕಾರ್ಖಾನೆ ಕಾಯಿದೆಯ ಪಟ್ಟಿ ಕ್ಲೋರಿನ್‌ಗೆ ಹಾಕಿದ್ದ ಮಿತಿ ಅದೇ 1 ಪಿಪಿಎಂ!

ಆ ಒಬ್ಬನಿಂದ ಕಲಿತದ್ದು ಉಳಿದವರಿಂದ ಕಲಿತದ್ದಕ್ಕಿಂತ ಜಾಸ್ತಿ ಅಂತ ನನ್ನ ಅಭಿಪ್ರಾಯ. ಸಲ್ಫರ್ ಡೈಆಕ್ಸೈಡ್ ವಿಷಯದಲ್ಲೂ ಹೀಗೇ ಆಯಿತು. ಆರೋಗ್ಯವಂತರಿಗೆ ಏನೂ ಮಾಡದ ಅರ್ಧ ಪಿಪಿಎಂ, ವ್ಯಾಯಾಮ ಮಾಡುತ್ತಿರುವ ಅಸ್ತಮಾದವರ ಶ್ವಾಸನಾಳವನ್ನು ನಿಮಿಷಗಳಲ್ಲಿ ಬಿಗಿಸುತ್ತದೆ ಅಂತ 1980ರ ಹೊತ್ತಿಗೆ ಗೊತ್ತಾದದ್ದು ಅಸ್ತಮಾದವರನ್ನೇ ಒಪ್ಪಿಸಿ ಕೋಣೆಗೆ ಕರೆದ ಮೇಲೆ. ನೀವು ಎದೆರೋಗ ತಜ್ಞರ ಹತ್ತಿರ ಉಸಿರಿನ ಪರೀಕ್ಷೆ ಮಾಡಿಸಿ, ವರದಿ ಇಟ್ಟುಕೊಂಡು ಸಿಲಿಂಡರ್ ಕೋಣೆ ಬಿಟ್ಟು ಬೇರೆ ಕಡೆ ಹಾಕಿ ಅಂತ ಬರೆದು ಕೊಡಿ. ಬಾಯಿಮಾತು ಬೇಡ, ಬರವಣಿಗೆಯಲ್ಲೇ ಇರಲಿ.

ಪ್ರಶ್ನೆ: ನಿವೃತ್ತ ಉಪಾಧ್ಯಾಯ ನಾನು. ಭೋಪಾಲ ದುರಂತದ ಹೊತ್ತಿನಲ್ಲಿ, ಆ ಅನಿಲ ಮನುಷ್ಯರಿಗೆ ಏನು ಮಾಡುತ್ತದೆಂದು ಯಾರಿಗೂ ಗೊತ್ತೇ ಇರಲಿಲ್ಲ ಎಂದು ಓದಿದ ನೆನಪು. ಇದು ನಿಜವೇ? (ಮೈಸೂರು)

ಉತ್ತರ: ಪೂರ್ತಿ ನಿಜ ಅಲ್ಲ ಮೇಷ್ಟ್ರೇ. ಆ ಅನಿಲವನ್ನು, ಅಂದರೆ ಮೀಥೈಲ್ ಐಸೊಸಯನೇಟ್ ಅನ್ನು ಮನುಷ್ಯರು ಬೇಕೆಂದೇ ಉಸಿರಾಡಿ ನೋಡಿದ್ದರು, ಭೋಪಾಲಕ್ಕೆ 20 ವರ್ಷ ಮೊದಲೇ. 1964ರಲ್ಲಿ ಜರ್ಮನಿಯ ಕಿಮರ್ಲೆ ಮತ್ತು ಎಬೆನ್ ಪ್ರಕಟಿಸಿದ ಪ್ರಯೋಗ ಅದು. ನಾಲ್ಕೇ ಜನ, ಒಂದರಿಂದ ಐದು ನಿಮಿಷ. 0.4 ಪಿಪಿಎಂಗೆ ಏನೂ ಗೊತ್ತಾಗಲಿಲ್ಲ. 2ಕ್ಕೆ ವಾಸನೆ ಇಲ್ಲ, ಆದರೆ ಕಣ್ಣೀರು ಬಂತು, ಮೂಗು ಗಂಟಲು ಉರಿಯಿತು. 4ಕ್ಕೆ ಅದೇ ಜೋರಾಯಿತು. 21ಕ್ಕೆ ತಡೆಯಲು ಆಗಲಿಲ್ಲ.

ಇದರಲ್ಲಿ ಗಮನಿಸಬೇಕಾದದ್ದು 2ರ ಸಾಲು. ಕಾರ್ಖಾನೆಗಳಿಗೆ ಹಾಕಿದ ಮಿತಿ 0.02 ಪಿಪಿಎಂ. ಮಿತಿಯ ನೂರು ಪಟ್ಟಾದರೂ ಮೂಗಿಗೆ ಸುಳಿವಿಲ್ಲ, ಕಣ್ಣು ಮಾತ್ರ ಹೇಳುತ್ತದೆ. ವಾಸನೆ ಬಂದಾಗ ಓಡೋಣ ಅನ್ನುವ ಲೆಕ್ಕ ಈ ಅನಿಲಕ್ಕೆ ನಡೆಯುವುದಿಲ್ಲ ಅನ್ನುವುದು 1964ರಲ್ಲೇ ಅಚ್ಚಾಗಿತ್ತು. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಹೊರಬಿದ್ದಾಗ ಜನ ಎದ್ದದ್ದು ಕೆಮ್ಮಿಕೊಂಡು, ಕಣ್ಣು ಉಜ್ಜಿಕೊಂಡು. ಯಾರೋ ಮೆಣಸಿನಕಾಯಿ ಸುಡುತ್ತಿದ್ದಾರೆ ಅಂದುಕೊಂಡೆವು ಅಂತ ಎಷ್ಟೋ ಜನ ಹೇಳಿದ್ದಾರೆ. ಗಾಬರಿಯಲ್ಲಿ ಓಡಿದರು, ಓಡಿದವರಿಗೆ ಉಸಿರು ಜಾಸ್ತಿ, ಒಳಗೆ ಹೋದ ಅನಿಲವೂ ಜಾಸ್ತಿ. ಒದ್ದೆ ಬಟ್ಟೆ ಮುಖಕ್ಕೆ ಹಿಡಿದು ಕೂತಿದ್ದರೆ ಒಂದಿಷ್ಟು ಜನ ಉಳಿಯುತ್ತಿದ್ದರು, ಯಾಕೆಂದರೆ ಈ ಅನಿಲ ನೀರಿನ ಜೊತೆ ಸೇರಿ ಕೆಡುತ್ತದೆ. ಅದನ್ನು ಹೇಳುವವರು ಇರಲಿಲ್ಲ.

ಇನ್ನೊಂದು ಕಡೆಯಿಂದ ನೋಡಿದರೆ ನೀವು ಓದಿದ್ದೂ ಸುಳ್ಳಲ್ಲ. ನಾಲ್ಕು ಜನ ದೊಡ್ಡವರು ಐದು ನಿಮಿಷ ಉಸಿರಾಡಿದ್ದರಿಂದ ಕಣ್ಣೀರಿನ ಲೆಕ್ಕ ಸಿಗುತ್ತದೆ, ಶ್ವಾಸಕೋಶದ ಗಾಯ ಹತ್ತು ವರ್ಷದ ಮೇಲೆ ಏನಾಗುತ್ತದೆ ಅನ್ನುವುದು ಸಿಗುವುದಿಲ್ಲ. ಗರ್ಭಿಣಿಯರಿಗೆ, ಮಕ್ಕಳಿಗೆ ಏನು ಅನ್ನುವುದೂ ಸಿಗುವುದಿಲ್ಲ. ಅದನ್ನೆಲ್ಲ ಆಮೇಲೆ ಭೋಪಾಲದ ಜನರ ಮೇಲೆಯೇ ಕಲಿಯಬೇಕಾಯಿತು, ಐಸಿಎಂಆರ್ 1994ರವರೆಗೆ ಅವರನ್ನು ಹಿಂಬಾಲಿಸಿ ಅಧ್ಯಯನ ಮಾಡಿತು. ಕಾರ್ಖಾನೆ ಕಾಯಿದೆಗೆ ಆವಿಗಳ ಮಿತಿಯ ಪಟ್ಟಿ ಸೇರಿದ್ದು 1987ರಲ್ಲಿ, ಭೋಪಾಲ ಆದ ಮೇಲೆ. ಅಪಾಯ ಕಣ್ಣೆದುರಿಗೆ ಇದೆ ಅನ್ನಿಸಿದರೆ ಆಡಳಿತಕ್ಕೂ ಇನ್‌ಸ್ಪೆಕ್ಟರ್‌ಗೂ ತಿಳಿಸುವ ಹಕ್ಕು ಕೆಲಸಗಾರನಿಗೆ ಬಂದದ್ದೂ ಆ ತಿದ್ದುಪಡಿಯಲ್ಲೇ, 41ಎಚ್ ಕಲಮಿನಲ್ಲಿ.

ಪ್ರಶ್ನೆ: ಸರ್, ಜರ್ಮನಿಯಲ್ಲಿ ಎಂ.ಎಸ್. ಮಾಡ್ತಿದ್ದೀನಿ, ಊರು ದಾವಣಗೆರೆ. ಇಲ್ಲಿನ ಸಂಶೋಧನಾ ಸಂಸ್ಥೆಯೊಂದು ಕೆಲವು ಗಂಟೆ ದ್ರಾವಕದ ಆವಿ ಉಸಿರಾಡೋಕೆ ವಾಲಂಟಿಯರ್ ಬೇಕು ಅಂತ ಹಾಕಿದೆ, ದುಡ್ಡೂ ಕೊಡ್ತಾರೆ. ಅಮ್ಮನಿಗೆ ಹೇಳಿದರೆ ಅತ್ತೇ ಬಿಡ್ತಾರೆ. ಹೋಗಬಹುದಾ? (ಡಾರ್ಟ್‌ಮುಂಡ್)

ಉತ್ತರ: ಹೋಗಬಹುದು, ಕಾಗದ ಓದಿ ಹೋಗಿ. ನೀವು ಈಗಿರುವ ಊರಿನಂಥ ಕಡೆ ಈಗ ನಡೆಯುವ ಪ್ರಯೋಗಗಳು 1942ರವಲ್ಲ. ನೈತಿಕ ಸಮಿತಿ ಒಪ್ಪಿರಬೇಕು, ಯಾವ ಪದಾರ್ಥ, ಎಷ್ಟು, ಎಷ್ಟು ಹೊತ್ತು ಅಂತ ಮೊದಲೇ ಹೇಳಬೇಕು, ನಡುವೆ ಎದ್ದು ಬಂದರೆ ಯಾಕೆ ಅಂತ ಕೇಳಬಾರದು. ಫಾರ್ಮಾಲ್ಡಿಹೈಡ್ ಪ್ರಯೋಗ ಒಂದು ಜರ್ಮನಿಯಲ್ಲೇ ಆಗಿ 2008ರಲ್ಲಿ ಪ್ರಕಟವಾಯಿತು. 21 ಜನ, ಅದರಲ್ಲಿ ಹೆಂಗಸರೂ ಇದ್ದರು, ಅರ್ಧ ಪಿಪಿಎಂ ಮತ್ತು ಅದಕ್ಕಿಂತ ಕಡಿಮೆ, ನಡುನಡುವೆ ಸ್ವಲ್ಪ ಹೊತ್ತು ಏರಿಸುವುದು. ಉರಿಯುತ್ತಿದೆ ಅನ್ನುವ ಬಾಯಿಮಾತಿನ ಜೊತೆಗೆ ಕಣ್ಣು ಎಷ್ಟು ಸಲ ಪಿಳುಕಿಸುತ್ತಾರೆ ಅಂತಲೂ ಎಣಿಸಿದರು. ಒಳ್ಳೆಯ ಕೆಲಸ ಅದು, ಅಂಥದ್ದು ಬೇಕು.

ನೀವು ಕೇಳಬೇಕಾದ ಮುಖ್ಯ ಪ್ರಶ್ನೆ ದುಡ್ಡು ಯಾರದ್ದು ಅನ್ನುವುದು. ನಿಮಗೆ ಕೊಡುವ ದುಡ್ಡಲ್ಲ, ಪ್ರಯೋಗಕ್ಕೆ ಸುರಿದ ದುಡ್ಡು. 2018ರ ಜನವರಿಯಲ್ಲಿ ನೀವಿರುವ ದೇಶದಲ್ಲೇ ದೊಡ್ಡ ಗಲಾಟೆ ಆಗಿತ್ತು. ಫೋಕ್ಸ್‌ವ್ಯಾಗನ್, ಡೈಮ್ಲರ್, ಬಿಎಂಡಬ್ಲ್ಯು ಸೇರಿ ನಡೆಸುತ್ತಿದ್ದ ಒಂದು ಸಂಶೋಧನಾ ಸಂಘದ ಹಣದಲ್ಲಿ ಆಹೆನ್ ಊರಿನಲ್ಲಿ 25 ಜನ ಸ್ವಯಂಸೇವಕರು ಡೀಸೆಲ್ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಉಸಿರಾಡಿದ್ದರು. ಆ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಇತ್ತು, ಪ್ರಮಾಣವೂ ಭಯಂಕರವೇನಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೂ ಜನ ಸಿಟ್ಟಾದರು, ನನಗೆ ಆ ಸಿಟ್ಟು ಸರಿ ಅನ್ನಿಸುತ್ತದೆ. ಡೀಸೆಲ್ ಹೊಗೆಯ ಪರೀಕ್ಷೆಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಉದ್ಯಮ, ಆರೋಗ್ಯವಂತ 25 ಜನರಿಗೆ ಮೂರು ಗಂಟೆಯಲ್ಲಿ ಏನೂ ಆಗಲಿಲ್ಲ ಅನ್ನುವ ಕಾಗದವನ್ನು ಎಲ್ಲಿ ಬೀಸುತ್ತದೆ ಅಂತ ಊಹಿಸುವುದು ಕಷ್ಟವಲ್ಲ.

ಅಸ್ತಮಾ, ಮೈಗ್ರೇನ್ ಇದ್ದರೆ ಮುಚ್ಚಿಡಬೇಡಿ, ದುಡ್ಡಿನ ಆಸೆಗೆ ಸುಳ್ಳು ಹೇಳುವ ಹುಡುಗರು ಎಲ್ಲ ದೇಶದಲ್ಲೂ ಇದ್ದಾರೆ. ಬೆಂಜೀನ್‌ನಂಥ ಕ್ಯಾನ್ಸರ್ ತರುವ ಆವಿಗೆ ಯಾರಾದರೂ ಕರೆದರೆ ಬಾಗಿಲಿನಿಂದಲೇ ವಾಪಸ್ ಬನ್ನಿ. ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ ಅನ್ನುವುದು ಯಾವ ಕೋಣೆಯಲ್ಲೂ ಗೊತ್ತಾದದ್ದಲ್ಲ. 1970ರ ದಶಕದಲ್ಲಿ ಇಸ್ತಾಂಬುಲ್‌ನ ಡಾ. ಮುಜಫರ್ ಅಕ್ಸೋಯ್ ತಮ್ಮ ಆಸ್ಪತ್ರೆಗೆ ಬರುತ್ತಿದ್ದ ಚಪ್ಪಲಿ ಕೆಲಸದವರನ್ನು ಎಣಿಸಿದಾಗ ಅದು ಎದ್ದು ಕಂಡಿತು. ಅವರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ, ಅಂಟಿನ ಡಬ್ಬಿ ಕೊಟ್ಟಿದ್ದರು ಅಷ್ಟೇ. ಅಮ್ಮನಿಗೆ ಏನು ಹೇಳಬೇಕು ಅನ್ನುವುದು ನಿಮಗೇ ಬಿಟ್ಟದ್ದು.

ಪ್ರಶ್ನೆ: ಹಳೆಯ ಮರದ ಕಿಟಕಿಯ ಬಣ್ಣ ತೆಗೆಯಲು ಪೇಂಟ್ ರಿಮೂವರ್ ತಂದಿದ್ದೇವೆ. ಮಳೆ ಅಂತ ಮಾವ ರೂಮಿನೊಳಗೇ ಬಾಗಿಲು ಹಾಕಿ ಕೂತು ಮಾಡುತ್ತಾರೆ. ಅವರಿಗೆ ಒಮ್ಮೆ ಹೃದಯಾಘಾತ ಆಗಿದೆ. ತೊಂದರೆ ಇದೆಯಾ? (ಮಂಗಳೂರು)

ಉತ್ತರ: ಇದೆ, ಇವತ್ತೇ ನಿಲ್ಲಿಸಿ. ಹಲವು ರಿಮೂವರ್‌ಗಳಲ್ಲಿ ಮೆಥಿಲೀನ್ ಕ್ಲೋರೈಡ್ ಇರುತ್ತದೆ. ಮೇಲೆ ಹೇಳಿದ ಸ್ಟೀವರ್ಟ್ ಅವರೇ 1972ರಲ್ಲಿ ಸ್ವಯಂಸೇವಕರ ರಕ್ತದಲ್ಲಿ ಯಾರೂ ಎಣಿಸದ ಒಂದು ವಿಷಯ ಕಂಡರು. ಈ ಆವಿ ಉಸಿರಾಡಿದವರ ಮೈಯೊಳಗೇ ಕಾರ್ಬನ್ ಮಾನಾಕ್ಸೈಡ್ ತಯಾರಾಗುತ್ತದೆ. ಕೋಣೆಯಿಂದ ಹೊರಗೆ ಬಂದ ಮೇಲೂ ತಯಾರಾಗುತ್ತಲೇ ಇರುತ್ತದೆ, ಯಾಕೆಂದರೆ ಕೊಬ್ಬಿನಲ್ಲಿ ಸೇರಿಕೊಂಡದ್ದು ನಿಧಾನವಾಗಿ ಇಳಿಯುತ್ತದೆ. ಮಾನಾಕ್ಸೈಡ್ ಸೇರಿದ ರಕ್ತ ಹೃದಯಕ್ಕೆ ಸಾಕಷ್ಟು ಆಮ್ಲಜನಕ ಒಯ್ಯುವುದಿಲ್ಲ. ಪ್ರಯೋಗದಲ್ಲಿ ಕೂತಿದ್ದವರು ಆರೋಗ್ಯವಂತರು, ತಡೆದುಕೊಂಡರು. ನೆಲಮಾಳಿಗೆಯಲ್ಲಿ ಕೂತು ಬಣ್ಣ ಕೀಳಿ ಹೃದಯಾಘಾತವಾದ ವಯಸ್ಸಾದವರೊಬ್ಬರ ವಿಷಯವನ್ನು ಅದೇ ಸ್ಟೀವರ್ಟ್ 1976ರಲ್ಲಿ ಬರೆದಿದ್ದಾರೆ. ಚೇತರಿಸಿಕೊಂಡು ಮತ್ತೆ ಅದೇ ಕೆಲಸಕ್ಕೆ ಕೂತವರು ಕೊನೆಗೆ ಉಳಿಯಲಿಲ್ಲ. ಅಮೆರಿಕದಲ್ಲಿ 2019ರಿಂದ ಮನೆಬಳಕೆಗೆ ಇಂಥ ರಿಮೂವರ್ ಮಾರುವ ಹಾಗಿಲ್ಲ.

ಡಬ್ಬಿ ಮುಚ್ಚಿ ಹೊರಗಿಡಿ. ಕಿಟಕಿ ಮಳೆಗಾಲ ಮುಗಿಯುವವರೆಗೆ ಕಾಯಲಿ. ಆಮೇಲೆ ಜಗುಲಿಯಲ್ಲಿ, ಗಾಳಿ ಆಡುವ ಕಡೆ, ಬೇರೆ ಯಾರ ಕೈಯಲ್ಲಾದರೂ ಮಾಡಿಸಿ. ಈಗಾಗಲೇ ಮಾವನಿಗೆ ಎದೆ ಹಿಡಿದುಕೊಂಡಂತೆ ಅಥವಾ ತಲೆ ಸುತ್ತಿದಂತೆ ಆಗಿದ್ದರೆ ಪತ್ರಿಕೆಗೆ ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ, ಡಬ್ಬಿಯ ಲೇಬಲ್ ಜೊತೆಗಿರಲಿ.